ಜಾಬ್ ಕಾರ್ಡಿನಲ್ಲಿ ಬರೆದ ಫ್ಯಾಕ್ಟರಿ

ಹೋದ ತಿಂಗಳು, ದೋಹಾದಲ್ಲಿ ನನ್ನ ಜೊತೆ ಕೆಲಸಕ್ಕಿದ್ದವರೊಬ್ಬರು ತೀರಿಹೋದ ಸುದ್ದಿ ಬಂದಾಗ ನಾನು ಉಡುಪಿಯ ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆಗೆ ಚೌಕಾಸಿ ಮಾಡುತ್ತಿದ್ದೆ. ಫೋನ್ ಇಟ್ಟ ಮೇಲೆ ಮಾತು ಹೊರಡದೆ ಸುಮ್ಮನೆ ನಿಂತುಬಿಟ್ಟೆ. ಮೀನಿನ ಹೆಂಗಸು ಅದನ್ನು ನನ್ನ ಹಟವೆಂದು ತಿಳಿದು, ಬಯ್ಯುತ್ತಲೇ ನಾನು ಕೇಳಿದ ಬೆಲೆಗೆ ಇಳಿದಳು. ಅವರು ಇದನ್ನು ಕೇಳಿದ್ದರೆ, "ನಾನು ಸತ್ತದ್ದರಿಂದ ನಿಮಗೆ ಇಷ್ಟಾದ್ರೂ ಲಾಭ ಆಯ್ತಲ್ಲ ಪೊರ್ಬುಗಳೇ" ಎನ್ನುತ್ತಿದ್ದರು. ನಮ್ಮ ಕಡೆ ತುಳುವರು ಕ್ರಿಶ್ಚಿಯನ್ನರನ್ನು ಹಾಗೆ ಕರೆಯುವುದು. ಕಂಪೆನಿಯ ಕಾಗದಪತ್ರಗಳಲ್ಲೆಲ್ಲ ನನ್ನ ಹೆಸರು ಮೂರು ತುಂಡುಗಳಲ್ಲಿ ಉದ್ದಕ್ಕೆ ಇತ್ತು. ಅವರ ಬಾಯಲ್ಲಿ ಹದಿನಾಲ್ಕು ವರ್ಷವೂ ನಾನು ಬರೀ ಪೊರ್ಬುಗಳು.

ದೋಹಾದಲ್ಲಿ ನಾವಿಬ್ಬರೂ ಒಬ್ಬ ಕತಾರಿ ಮಾಲೀಕರ ಕೆಳಗೆ ಕೆಲಸಕ್ಕಿದ್ದೆವು. ಗಲ್ಫಿನಲ್ಲಿ ಮಾಲೀಕರಿಗೆ ಅರ್ಬಾಬ್ ಅನ್ನುತ್ತಾರೆ, ನಾವೂ ಹಾಗೇ ಅನ್ನುತ್ತಿದ್ದೆವು. ನಾನು ಊರೊಳಗಿನ ಕಚೇರಿಯಲ್ಲಿ ಎಸಿಯ ಕೆಳಗೆ ಕೂತು ಫೈಲು ತಯಾರು ಮಾಡುವವ. ಅವರು ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದ ನಮ್ಮ ವರ್ಕ್‌ಶಾಪಿನ ಫೋರ್‌ಮನ್. ಮೂಲ್ಕಿ ಕಡೆಯವರು. ಮಂಗಳೂರಿನ ಹಂಚಿನ ಕಾರ್ಖಾನೆಯೊಂದರ ರಿಪೇರಿ ಶೆಡ್ಡಿನಲ್ಲಿ ಕೈ ಪಳಗಿಸಿ, ಮುಂಬಯಿಯ ಮಿಲ್ಲಿನಲ್ಲಿ ಕೆಲವು ವರ್ಷ ಕಳೆದು, ಅಲ್ಲಿಂದ ಕತಾರಿಗೆ ಬಂದವರು. ಓದಿದ್ದು ಎಂಟನೇ ಕ್ಲಾಸು. ಸಪೂರ ಶರೀರ, ದಪ್ಪ ಗಾಜಿನ ಕನ್ನಡಕ. ಕೈಬೆರಳುಗಳು ಮಾತ್ರ ಬೇರೆ ಯಾರದೋ ದೊಡ್ಡ ಶರೀರಕ್ಕೆಂದು ಮಾಡಿ ತಪ್ಪಿ ಇವರಿಗೆ ಜೋಡಿಸಿದ ಹಾಗಿದ್ದವು.

ನಮ್ಮ ಪರಿಚಯ ಜಗಳದಿಂದ ಶುರುವಾಯಿತು. ಮೊದಲ ಸಲ ವರ್ಕ್‌ಶಾಪಿಗೆ ಹೋದಾಗ ನಾನು ಚಾ ಗ್ಲಾಸನ್ನು ಅಲ್ಲಿದ್ದ ಒಂದು ನುಣುಪಾದ ಕಬ್ಬಿಣದ ಮೇಜಿನ ಮೇಲೆ ಇಟ್ಟೆ. ಅದು ಸರ್ಫೇಸ್ ಪ್ಲೇಟ್. ವರ್ಕ್‌ಶಾಪಿನಲ್ಲಿ ಯಾವುದು ಸಮ, ಯಾವುದು ಡೊಂಕು ಎಂದು ಅಳೆಯುವುದು ಅದರ ಮೇಲೆ. ಅವರು ಗ್ಲಾಸು ಎತ್ತಿ, ಚಾವನ್ನು ಹೊರಗೆ ಮರಳಿಗೆ ಚೆಲ್ಲಿ, ಪ್ಲೇಟಿಗೆ ಎಣ್ಣೆ ಹಚ್ಚಿ ಒರೆಸಿದರು. ಆಮೇಲೆ ಒಂದು ವಾರ ನನ್ನ ಫೋನು ತೆಗೆದುಕೊಳ್ಳಲಿಲ್ಲ. ಕಚೇರಿಯಿಂದ ಹೋದ ಕಾಗದಗಳು ಸಹಿಯಾಗದೆ ಹಾಗೇ ವಾಪಸು ಬಂದವು. ಕೊನೆಗೆ ನಾನೇ ಹೋಗಿ ತಪ್ಪಾಯಿತು ಎಂದೆ. "ನಿಮ್ಮ ಇಗರ್ಜಿಯ ಆಲ್ತಾರಿನ ಮೇಲೆ ನಾನು ಚಾ ಇಟ್ರೆ ನೀವು ಸುಮ್ಮನಿರ್ತೀರಾ?" ಎಂದು ಕೇಳಿದರು. ಇರುವುದಿಲ್ಲ ಎಂದೆ. ಅಲ್ಲಿಗೆ ರಾಜಿಯಾಯಿತು.

ಅವರ ಕಿವಿಯ ಬಗ್ಗೆ ಕಂಪೆನಿಯಲ್ಲಿ ಕಥೆಗಳೇ ಇದ್ದವು. ದೂರದ ಸೈಟಿನಲ್ಲಿ ಪಂಪು ಕೆಟ್ಟಿತೆಂದು ಫೋನ್ ಬಂದರೆ, "ಮೊಬೈಲು ಪಂಪಿನ ಹತ್ತಿರ ಹಿಡಿ" ಎನ್ನುತ್ತಿದ್ದರು. ಕಣ್ಣು ಮುಚ್ಚಿ ಕೇಳಿ, "ಬೇರಿಂಗ್ ಹೋಗಿದೆ, ಆ ಬದಿಯದ್ದು" ಎಂದು ಹೇಳಿ ಇಟ್ಟುಬಿಡುವರು. ನಾನು ಇದನ್ನು ನಂಬದೆ ಮೂರು ಸಲ ಪರೀಕ್ಷೆ ಮಾಡಿದೆ. ಎರಡು ಸಲ ಸರಿಯಾಗಿತ್ತು. ಮೂರನೆಯ ಸಲ ತಪ್ಪಿದಾಗ ಅವರೇ ಕಚೇರಿಗೆ ಫೋನು ಮಾಡಿ, "ನಾನು ಹೇಳಿದ್ದು ಸುಳ್ಳಾಯ್ತು, ಬರೆದುಕೊಳ್ಳಿ" ಎಂದರು. ಆ ಕಂಪೆನಿಯಲ್ಲಿ ತನ್ನ ತಪ್ಪನ್ನು ಬರೆದುಕೊಳ್ಳಿ ಎಂದು ಫೋನು ಮಾಡಿದವನನ್ನು ನಾನು ಬೇರೆ ಕಂಡಿಲ್ಲ. ಸಿಟ್ಟು ಬಂದರೆ ಮಾತ್ರ ಅವರ ಹತ್ತಿರ ನಿಲ್ಲುವ ಹಾಗಿರಲಿಲ್ಲ. ಸ್ಪಾನರು ಹಾರುತ್ತಿತ್ತು, ಖಾಲಿ ಡ್ರಮ್ಮಿನ ಕಡೆಗೆ ಅನ್ನುವುದೊಂದೇ ಸಮಾಧಾನ.

ಶುಕ್ರವಾರ ಬಿಳಿ ಅಂಗಿ ತೊಟ್ಟು ನನ್ನ ಜೊತೆ ಸೂಕ್ ವಾಕಿಫ್ ಎಂಬ ಹಳೇ ಪೇಟೆಗೆ ಬರುವರು. ನಾವೆಲ್ಲ ಕರಕ್ ಚಾ ಹಿಡಿದು ಕೂತರೆ ಅವರು ಅಂಗಡಿಯ ಬಾಗಿಲುಗಳ ಬಿಜಾಗರಿ ತಡವುತ್ತಾ ನಿಲ್ಲುವರು. ಅಂಥ ಒಂದು ಶುಕ್ರವಾರ, ತಮ್ಮ ಬಗ್ಗೆ ಅಪರೂಪಕ್ಕೆ ಒಂದು ಮಾತು ಹೇಳಿದ್ದರು. "ಪೊರ್ಬುಗಳೇ, ಮೂವತ್ತು ವರ್ಷ ಆಯ್ತು, ಬರೀ ರಿಪೇರಿ. ಯಾರದ್ದೋ ಮುರಿದ ಶಾಫ್ಟು, ಯಾರದ್ದೋ ಸವೆದ ಬುಶ್ಶು. ಒಂದು ಹೊಸ ಮೆಶಿನ್ ನನ್ನ ಕೈಯಿಂದ ಹೊರಗೆ ಹೋಗ್ಲಿಲ್ಲ. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ಒಂದು ಹೆರಿಗೆ ನೋಡದಿದ್ದ ಹಾಗೆ." ಹೇಳಿ, ತಾವೇ ನಾಚಿಕೊಂಡು, ಮೀನಿನ ಊಟ ಎಲ್ಲಿ ಒಳ್ಳೆಯದು ಎಂಬ ಮಾತಿಗೆ ಹೊರಳಿದರು.

ಏಷ್ಯನ್ ಕ್ರೀಡಾಕೂಟ ಮುಗಿದ ಮರುವರ್ಷದ ಮಾತು. ದೋಹಾದಲ್ಲಿ ದುಡ್ಡಿದ್ದವರೆಲ್ಲ ಯುರೋಪಿನಲ್ಲಿ ಕಟ್ಟಡ ಕೊಳ್ಳುತ್ತಿದ್ದರು. ನಮ್ಮ ಅರ್ಬಾಬ್ ಸ್ವಲ್ಪ ಬೇರೆ ಥರದ ಮನುಷ್ಯ. "ಕಟ್ಟಡ ನಿಂತೇ ಇರುತ್ತದೆ. ನನಗೆ ತಿರುಗುವಂಥದ್ದು ಏನಾದರೂ ಬೇಕು" ಎನ್ನುತ್ತಿದ್ದರು. ಆಗ ಸ್ಲೊವೇನಿಯಾ ಎಂಬ ದೇಶದಿಂದ ಒಂದು ತಂಡ ಬಂದು, ಹೋಟೆಲಿನಲ್ಲಿ ಸಭೆ ಮಾಡಿ, ಬಂದವರಿಗೆಲ್ಲ ಹೊಳೆಯುವ ಪುಸ್ತಕ ಹಂಚಿತು. ನಾನು ಶಾಲೆಯಲ್ಲಿ ಓದಿದ ಅಟ್ಲಾಸಿನಲ್ಲಿ ಅದು ಯುಗೊಸ್ಲಾವಿಯಾದ ಒಂದು ಮೂಲೆ. ನಮ್ಮ ಲೋಹಗೆಲಸದಲ್ಲಿ, ಯಂತ್ರೋದ್ಯಮದಲ್ಲಿ ಬಂಡವಾಳ ಹೂಡಿ ಎಂದು ಪುಸ್ತಕದ ತುಂಬ ಬರೆದಿತ್ತು. ಕಬ್ಬಿಣ ಕರಗಿಸುವುದು ನಮಗೆ ತಲೆತಲಾಂತರದ ವಿದ್ಯೆ, ಜರ್ಮನಿಗೆ ನಮ್ಮದೇ ಬಿಡಿಭಾಗ, ನಮ್ಮಲ್ಲಿ ನುರಿತ ಕೆಲಸಗಾರರಿದ್ದಾರೆ ಎಂದೆಲ್ಲ. ಅರ್ಬಾಬಿಗೆ ಅದರಲ್ಲಿದ್ದ ಒಂದು ಫ್ಯಾಕ್ಟರಿ, ಲೋಹ ಕೊರೆಯುವ ಮಿಲ್ಲಿಂಗ್ ಮೆಶಿನ್ ಕಟ್ಟುವಂಥದ್ದು, ಹಿಡಿಸಿತು. ಫೋರ್‌ಮನ್ನಿಗೆ ತೋರಿಸಿಕೊಂಡು ಬಾ ಎಂದು ಪುಸ್ತಕ ನನ್ನ ಕೈಗೆ ಕೊಟ್ಟರು.

ಅವರು ಅಕ್ಷರ ಓದಲಿಲ್ಲ, ಚಿತ್ರ ಮಾತ್ರ ನೋಡಿದರು. ಮುಖಪುಟದಲ್ಲಿ ಒಬ್ಬ ಚಂದದ ಯುವಕ ಬಿಳಿ ಗ್ಲೌಸು ತೊಟ್ಟು ಲೇತ್ ಪಕ್ಕ ನಗುತ್ತಾ ನಿಂತಿದ್ದ. "ಇವ ಮೆಶಿನಿಸ್ಟ್ ಅಲ್ಲ. ಲೇತ್ ತಿರುಗುವಾಗ ಗ್ಲೌಸು ಹಾಕಿದವನ ಕೈ ಉಳಿಯುವುದಿಲ್ಲ, ಎಳೆದುಕೊಂಡು ಹೋಗ್ತದೆ" ಎಂದರು. ಒಳಗಿನ ಪುಟದ ಮೂಲೆಯಲ್ಲಿ, ಫೋಟೊ ತೆಗೆದವನಿಗೇ ಬೇಡವಾಗಿ ಸಿಕ್ಕಿಬಿದ್ದಂತಿದ್ದ ಒಬ್ಬ ಮುದುಕನ ಬೆನ್ನು ಕಾಣುತ್ತಿತ್ತು. ಅವರು ಅದರ ಮೇಲೆ ಬೆರಳಿಟ್ಟರು. "ಇವರನ್ನು ನೋಡಬೇಕಿತ್ತು."

ಹಾಗೆ ನಾವು ಮೂವರು ಫೆಬ್ರವರಿಯಲ್ಲಿ ಹೊರಟೆವು. ಅವರಿಗೆ ಅರ್ಬಾಬೇ ಕೋಟು ತೆಗೆಸಿಕೊಟ್ಟರು. ಹಿಮ ನೋಡಿ ಅವರಿಗೇನೂ ಆಗಲಿಲ್ಲ. ಫ್ಯಾಕ್ಟರಿ ಒಳಗೆ ಕಾಲಿಟ್ಟಾಗ ಮಾತ್ರ ಮುಖ ಬದಲಾಯಿತು. ನಿರ್ದೇಶಕರು ಪರದೆಯ ಮೇಲೆ ಏನೋ ತೋರಿಸಲು ಸಿದ್ಧರಾಗುತ್ತಿದ್ದರೆ ಇವರು ಕೋಟು ಕಳಚಿ ನನ್ನ ಕೈಗೆ ಕೊಟ್ಟು, ಒಂದು ಮೆಶಿನಿನ ಅಡಿಗೆ ಅಂಗಾತ ಮಲಗಿಬಿಟ್ಟರು. ಮನುಷ್ಯ ತಲೆ ತಿರುಗಿ ಬಿದ್ದನೆಂದು ನಿರ್ದೇಶಕರು ನೀರು ತರಿಸಿದರು. ಇವರು ಟಾರ್ಚು ಬಿಟ್ಟು, ಉಗುರಿನಲ್ಲಿ ಕೆರೆದು, ಮೂಸಿ ನೋಡಿ, ಹತ್ತು ನಿಮಿಷದ ಮೇಲೆ ಎದ್ದು ಮುಂದಿನ ಮೆಶಿನಿಗೆ ಹೋದರು. ಆ ಹೊತ್ತಿಗೆ ಮುಖಪುಟದ ಯುವಕನೂ ಸಿಕ್ಕಿದ. ಅವನು ಮಾರಾಟ ವಿಭಾಗದವನು.

ಫೋಟೊದ ಮುದುಕ ಇದ್ದದ್ದು ಶೆಡ್ಡಿನ ಕೊನೆಯಲ್ಲಿ. ಅವರ ಕೆಲಸ ಸ್ಕ್ರೇಪಿಂಗ್. ಮೆಶಿನಿನ ಎರಡು ಭಾಗ ಒಂದರ ಮೇಲೊಂದು ಜಾರುವ ಜಾಗ ಎಷ್ಟು ಸಮವಿದ್ದರೂ ಸಾಲದು. ಅಳತೆಯ ಪ್ಲೇಟಿಗೆ ನೀಲಿ ಬಣ್ಣ ಸವರಿ, ಇದರ ಮೇಲೆ ಉಜ್ಜಿ, ಎಲ್ಲಿ ನೀಲಿ ಹತ್ತಿತೋ ಆ ಉಬ್ಬನ್ನು ಉಳಿಯಲ್ಲಿ ಕೂದಲೆಳೆಯಷ್ಟು ಕೆರೆಯಬೇಕು. ಮತ್ತೆ ಸವರಬೇಕು, ಮತ್ತೆ ಕೆರೆಯಬೇಕು. ದಿನಗಟ್ಟಲೆ ಇದೇ. ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ನಮ್ಮ ಫೋರ್‌ಮನ್ ಕಲಿತಿದ್ದ ಮೊದಲ ವಿದ್ಯೆಯೂ ಇದೇ. ಮುದುಕ ಇವರ ಬೆರಳು ನೋಡಿ ತನ್ನ ಉಳಿಯನ್ನು ಮುಂದೆ ಚಾಚಿದರು. ಇವರು ತೋಳು ಮಡಚಿ ಕೆರೆದರು. ಮುದುಕ ಬಣ್ಣ ಸವರಿ ನೋಡಿ ತಲೆಯಾಡಿಸಿದರು, ಒಂದು ಮೂಲೆ ತೋರಿಸಿ ಇದು ಸಾಲದು ಎಂದು ಕೈ ಅಲ್ಲಾಡಿಸಿದರು. ಇವರು ಶಾಲೆಯ ಮಗುವಿನ ಹಾಗೆ ಅದನ್ನು ಮತ್ತೆ ಮಾಡಿದರು. ಸಿಟ್ಟೇ ಬರಲಿಲ್ಲ. ನಮ್ಮ ದುಭಾಷಿ ಹೆಂಗಸು, "ಇಲ್ಲಿ ನನಗೆ ಕೆಲಸವಿಲ್ಲ" ಎಂದು ಕಾಫಿಗೆ ಹೋದಳು. ಗಡಿಯಾರ ನೋಡುತ್ತಿದ್ದ ಅರ್ಬಾಬ್ ಕೂಡ ಆಮೇಲೆ ಒಂದು ಸ್ಟೂಲು ಎಳೆದುಕೊಂಡು ಕೂತು ನೋಡಿದರು.

ದೋಹಾಕ್ಕೆ ಮರಳಿದ ಮೇಲೆ ವರದಿ ಬರೆಯುವ ಕೆಲಸ ನನ್ನ ತಲೆಗೆ ಬಂತು. ಅರ್ಬಾಬಿನ ಮುಂದೆ ಎರಡು ದಾರಿ ಇದ್ದವು. ಫ್ಯಾಕ್ಟರಿ ಕೊಂಡು ಅಲ್ಲಿಯೇ ನಡೆಸುವುದು ಒಂದು. ಕೊಂಡು, ಮೆಶಿನುಗಳನ್ನು ಬಿಚ್ಚಿ ಹಡಗಿಗೆ ಹಾಕಿ ಇಂಡಸ್ಟ್ರಿಯಲ್ ಏರಿಯಾಕ್ಕೆ ತರುವುದು ಇನ್ನೊಂದು. ವರ್ಕ್‌ಶಾಪಿನ ಪಕ್ಕದ ಖಾಲಿ ಜಾಗ ಆಗಲೇ ನಮ್ಮ ಹೆಸರಿಗಾಗಿತ್ತು. ಎರಡನೆಯದನ್ನು ಆರಿಸಿದರೆ ಹೊಸ ಶೆಡ್ಡಿಗೆ ಫೋರ್‌ಮನ್ನರೇ ಮುಖ್ಯಸ್ಥರು ಎಂದು ಅರ್ಬಾಬ್ ಬಾಯಿಬಿಟ್ಟು ಹೇಳಿದ್ದರು. ಅವರಿಗೆ ಇನ್ನು ಕೆಲವೇ ತಿಂಗಳಲ್ಲಿ ಅರವತ್ತು. ನಮ್ಮ ಕಂಪೆನಿಯಲ್ಲಿ ಅರವತ್ತಾದರೆ ಖಲಾಸ್, ಟಿಕೆಟು ಕೈಗೆ. ಹೊಸ ಶೆಡ್ಡು ಬಂದರೆ ಅವರು ಉಳಿಯುತ್ತಾರೆ, ಜೀವನದಲ್ಲಿ ಮೊದಲ ಸಲ ಹೊಸ ಮೆಶಿನ್ ಕಟ್ಟುತ್ತಾರೆ. ನಾನು ಖುಷಿಯಿಂದ ಎರಡನೆಯ ದಾರಿಯ ಪರವಾಗಿಯೇ ಬರೆದು, ಅವರ ಕ್ಯಾಬಿನ್ನಿಗೆ ಹೋಗಿ ಓದಿದೆ. ಮೆಶಿನುಗಳನ್ನು ಸಾಗಿಸುವುದು ಮಾತ್ರ ಸ್ವಲ್ಪ ಕಷ್ಟ, ಕೆಲಸಗಾರರನ್ನು ವೀಸಾ ತೆಗೆದು ಎಲ್ಲಿಂದಲಾದರೂ ತರಿಸಿಕೊಳ್ಳಬಹುದು ಎಂಬ ವಾಕ್ಯಕ್ಕೆ ಬಂದಾಗ ಅವರು ಕೈ ಎತ್ತಿದರು.

"ನಮ್ಮನ್ನು ತರಿಸಿದ ಹಾಗೆಯಾ?"

ಗಲ್ಫಿನಲ್ಲಿ ಇದ್ದೂ ಇದ್ದೂ ನಮಗೆ ಬಂದ ಒಂದು ರೋಗ ಇದು. ಸಿಮೆಂಟು, ಕಬ್ಬಿಣ, ಜನ, ಎಲ್ಲವೂ ಎಲ್ಲಿಂದಲೋ ಬರುತ್ತವೆ ಎಂದುಕೊಳ್ಳುತ್ತೇವೆ. ಬಂದವರಲ್ಲಿ ನಾವೂ ಇದ್ದೇವೆ ಎಂಬುದು ಮರೆತೇಹೋಗುತ್ತದೆ.

"ಆ ಮುದುಕನ ಕೈಯನ್ನು ಯಾವ ವೀಸಾದಲ್ಲಿ ತರಿಸ್ತೀರಿ?" ಎಂದು ಅವರೇ ಮುಂದುವರಿಸಿದರು. "ಆ ಮೆಶಿನ್ ಕುಟ್ಟಿ ಕುಟ್ಟಿ ಆದದ್ದಲ್ಲ ಪೊರ್ಬುಗಳೇ, ಕೆರೆದು ಕೆರೆದು ಆದದ್ದು. ಅಲ್ಲಿ ನಲ್ವತ್ತು ವರ್ಷದಿಂದ ಅದೇ ಜನ ಅದೇ ಜಾಗದಲ್ಲಿ ಕೆರೀತಿದ್ದಾರೆ. ಇಲ್ಲಿಯ ಧೂಳಿಗೆ, ಇಲ್ಲಿಯ ಆಗಸ್ಟ್ ತಿಂಗಳಿಗೆ ತಂದಿಟ್ರೆ ಮೂರು ವರ್ಷ. ಆಮೇಲೆ ಅದೂ ರಿಪೇರಿಗೆ ಬರ್ತದೆ."

"ಮೂರು ವರ್ಷ ನಿಮಗೆ ಸಾಲದಾ?" ಎಂದೆ. ಕೆಟ್ಟ ಮಾತೇ. ಆದರೆ ಆ ಮನುಷ್ಯ ಹೊರಟುಹೋಗುವುದು ನನಗೆ ಬೇಕಿರಲಿಲ್ಲ.

ಅವರಿಗೆ ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. "ಮೂರು ದಿನ ಕೊಡಿ" ಎಂದರು.

ಎರಡನೆಯ ದಿನ ಯಾವುದೋ ಕಾಗದ ಹಿಡಿದು ವರ್ಕ್‌ಶಾಪಿಗೆ ಹೋಗಿದ್ದೆ. ಅವರು ಪಕ್ಕದ ಖಾಲಿ ಜಾಗದಲ್ಲಿದ್ದರು. ಬಿಸಿಲಲ್ಲಿ ಹೆಜ್ಜೆ ಎಣಿಸುತ್ತಾ ಮರಳಿನಲ್ಲಿ ಅಲ್ಲಲ್ಲಿ ಕಬ್ಬಿಣದ ಸರಳು ನೆಟ್ಟಿದ್ದರು. ನಾಲ್ಕು ಸರಳಿನ ನಡುವೆ ಒಂದು ಮೆಶಿನ್. ಬೆಳಕು ಯಾವ ಕಡೆಯಿಂದ ಬರಬೇಕು, ಕ್ರೇನು ಎಲ್ಲಿ ಓಡಬೇಕು, ಎಲ್ಲವನ್ನೂ ಹಾಕಿದ್ದರು. ಸ್ಕ್ರೇಪಿಂಗ್ ಮಾಡುವ ಮೂಲೆಯನ್ನು ಬಡಗು ದಿಕ್ಕಿಗೆ ಇಟ್ಟಿದ್ದರು. ನನ್ನನ್ನು ಕಂಡು ಕಳವು ಮಾಡುವಾಗ ಸಿಕ್ಕಿಬಿದ್ದವರ ಹಾಗೆ ನಕ್ಕರು. ಇನ್ನು ಚಿಂತೆಯಿಲ್ಲ, ಇವರು ಉಳಿಯುತ್ತಾರೆ ಎಂದುಕೊಂಡು ನಾನು ಕಚೇರಿಗೆ ಬಂದೆ.

ಮೂರನೆಯ ದಿನ ವರದಿ ಬಂತು. ಅವರಿಗೆ ಬರೆಯಲು ಗೊತ್ತಿದ್ದ ಕಾಗದ ಒಂದೇ, ಜಾಬ್ ಕಾರ್ಡ್. ಕೆಟ್ಟ ಪಂಪು ಬಂದರೂ ಮುರಿದ ಗೇರು ಬಂದರೂ ಅದೇ ಹಳದಿ ಕಾರ್ಡು. ಯುರೋಪಿನ ಒಂದು ಫ್ಯಾಕ್ಟರಿಯ ಬಗ್ಗೆ, ಕೋಟಿಗಟ್ಟಲೆ ವ್ಯವಹಾರದ ಬಗ್ಗೆ ಅವರು ಬರೆದದ್ದೂ ಅದರ ಮೇಲೆಯೇ. ರಿಪೇರಿಗೆ ಬಂದ ವಸ್ತು ಎಂಬಲ್ಲಿ: ಫ್ಯಾಕ್ಟರಿ, ಒಂದು. ತೊಂದರೆ ಎಂಬಲ್ಲಿ: ಮೆಶಿನ್ ಸರಿ ಉಂಟು, ಕೈಗಳಿಗೆ ವಯಸ್ಸಾಗಿದೆ, ಕಲಿಯುವವರು ಇಲ್ಲ. ಮಾಡಬೇಕಾದ ಕೆಲಸ ಎಂಬಲ್ಲಿ: ಹೊಸಬರನ್ನು ಹಳಬರ ಪಕ್ಕ ನಿಲ್ಲಿಸಬೇಕು, ಇದ್ದ ಜಾಗದಲ್ಲೇ ರಿಪೇರಿ, ಬಿಚ್ಚಬಾರದು. ಕೆಳಗೆ ಸಹಿ.

ಅರ್ಬಾಬ್ ನಮ್ಮಿಬ್ಬರನ್ನೂ ಮಜ್ಲಿಸಿಗೆ, ಅಂದರೆ ಬಂದವರನ್ನು ಕೂರಿಸುವ ತಮ್ಮ ಪಡಸಾಲೆಗೆ ಕರೆಸಿಕೊಂಡರು. ನಾನು ಕಾರ್ಡನ್ನು ಅರಬಿಗೆ ತಿರುಗಿಸಿ ಹೇಳಿದೆ. ಅವರು ನಂಬದೆ ಫೋರ್‌ಮನ್ನರನ್ನೇ ಕೇಳಿದರು. ವರ್ಕ್‌ಶಾಪಿನ ಅರಬಿಯಲ್ಲಿ ಉತ್ತರ ಬಂತು. "ಮಕೀನಾ ಝೈನ್. ನಫರ್ ಝ್ಯಾದಾ ಝೈನ್." ಮೆಶಿನ್ ಒಳ್ಳೆಯದು, ಮನುಷ್ಯ ಇನ್ನೂ ಒಳ್ಳೆಯವನು ಎಂದು.

"ಉಸ್ತಾದ್, ಅದನ್ನು ಇಲ್ಲಿಗೆ ತರದಿದ್ದರೆ ಅರವತ್ತರ ಮೇಲೆ ನಿನಗೆ ಕೊಡಲು ನನ್ನಲ್ಲಿ ಕೆಲಸವಿಲ್ಲ. ಗೊತ್ತಲ್ಲ?" ಎಂದು ಅರ್ಬಾಬ್ ಮೆಲ್ಲಗೆ ಕೇಳಿದರು.

"ಗೊತ್ತುಂಟು" ಎಂದರು. ಗಾವಾ, ಅಂದರೆ ಅರಬಿ ಕಾಫಿ, ಹೊಯ್ಯಲು ಬಂದವನಿಗೆ ಸಾಕೆಂದು ಬಟ್ಟಲು ಅಲ್ಲಾಡಿಸಿ ಕೊಟ್ಟು ಎದ್ದರು.

ವಾಪಸು ಬರುವಾಗ ಕಾರಿನಲ್ಲಿ ನಾನು ಬಾಯಿಗೆ ಬಂದದ್ದೆಲ್ಲ ಆಡಿದೆ. ಯಾರೋ ಹೆಸರು ಗೊತ್ತಿಲ್ಲದವರಿಗಾಗಿ ಸ್ವಂತ ಕಾಲಿಗೆ ಕೊಡಲಿ ಹಾಕಿಕೊಂಡಿರಿ, ಅವರು ನಿಮಗೆ ಥ್ಯಾಂಕ್ಸ್ ಕೂಡ ಹೇಳುವುದಿಲ್ಲ ಎಂದೆ. ಅವರು ಇಡೀ ದಾರಿ ಕೇಳಿಸಿಕೊಂಡು, ಕ್ಯಾಂಪಿನ ಗೇಟಿನ ಹತ್ತಿರ ಇಳಿಯುವಾಗ ಹೇಳಿದರು. "ನನಗೆ ಬೇಸರ ಇಲ್ಲ ಅಂತ ಎಣಿಸಬೇಡಿ. ತುಂಬ ಉಂಟು. ಮೊನ್ನೆ ಆ ಸರಳು ಕಿತ್ತು ತೆಗೆಯುವಾಗ ಸ್ಕ್ರೇಪಿಂಗ್ ಮೂಲೆಯದ್ದನ್ನು ಕೊನೆಗೆ ಇಟ್ಟುಕೊಂಡೆ. ಆದ್ರೆ ಕೇಳಿದ್ದು ನನ್ನ ಹತ್ರ ಅಲ್ವಾ? ಸುಳ್ಳು ಬರೆದು ಆ ಮೆಶಿನ್ ಹತ್ರ ಹೇಗೆ ನಿಲ್ಲುದು?"

ಅರ್ಬಾಬ್ ಫ್ಯಾಕ್ಟರಿ ಕೊಂಡರು, ಅಲ್ಲಿಯೇ ಬಿಟ್ಟರು. ಫೋರ್‌ಮನ್ನರ ಮಾತಿಗೆ ಬೆಲೆ ಕೊಟ್ಟರು ಎಂದು ನಾನು ಆ ಮನುಷ್ಯನನ್ನು ಇವತ್ತಿಗೂ ಗೌರವಿಸುತ್ತೇನೆ. ಫೋರ್‌ಮನ್ನರಿಗೆ ಅರವತ್ತಾದ ತಿಂಗಳು ಟಿಕೆಟೂ ಬಂತು. ಆ ದಿನವೂ ಮಧ್ಯಾಹ್ನದವರೆಗೆ ಲೇತಿನಲ್ಲಿ ಒಂದು ಕ್ರಶರ್ ಶಾಫ್ಟ್ ತಿರುಗಿಸಿ, ಕೈ ತೊಳೆದು ಹೊರಟರು. ವಿಮಾನ ನಿಲ್ದಾಣದಲ್ಲಿ ನಾನು ಅತ್ತೆ, ಅವರು ಅಳಲಿಲ್ಲ.

ಮರುವರ್ಷ ಲೆಕ್ಕಪತ್ರದ ಸಭೆಗೆಂದು ನಾನೂ ಅರ್ಬಾಬೂ ಮತ್ತೆ ಸ್ಲೊವೇನಿಯಾಕ್ಕೆ ಹೋದೆವು. ಶೆಡ್ಡಿನ ಕೊನೆಯಲ್ಲಿ ಮುದುಕನ ಪಕ್ಕ ಈಗ ಇಬ್ಬರು ಹೆಣ್ಣುಮಕ್ಕಳು ನಿಂತು ಕೆರೆಯುತ್ತಿದ್ದರು. ಮುದುಕ ನನ್ನ ಹಿಂದೆ ಮುಂದೆ ಹುಡುಕಿ ನೋಡಿ, ದುಭಾಷಿಯ ಮೂಲಕ ಕೇಳಿದರು: ಅವರೆಲ್ಲಿ? ಈಗ ನಿಮ್ಮಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರಲ್ಲವೇ?

ಹೌದು ಎಂದು ಹೇಳಿ ಮುಗಿಸಬಹುದಿತ್ತು. ಬಾಯಿ ಬರಲಿಲ್ಲ. ಫ್ಯಾಕ್ಟರಿ ಇಲ್ಲಿಯೇ ಉಳಿದದ್ದರಿಂದ ಅಲ್ಲಿ ಅವರಿಗೆ ಕೆಲಸವಿರಲಿಲ್ಲ, ಅದು ಗೊತ್ತಿದ್ದೇ ಇದನ್ನು ಬಿಚ್ಚಬಾರದು ಎಂದು ಬರೆದರು ಎಂದೆ. ದುಭಾಷಿ ಹೆಂಗಸು ತಿರುಗಿಸಿ ಹೇಳಲು ಹೊತ್ತು ತೆಗೆದುಕೊಂಡಳು. ಮುದುಕ ಕೈಯ ನೀಲಿಯನ್ನು ನಿಧಾನ ಒರೆಸಿಕೊಂಡು, ಒಂದು ಕಾಗದ ಕೊಟ್ಟು ಅವರ ಹೆಸರು ಬರೆಯಲು ಹೇಳಿದರು. ಬರೆದೆ. ಮೇಜಿನ ಮೇಲೆ ಒಂದು ಹೊಸ ಮೆಶಿನಿನ ಎರಕದ ಭಾಗ ಮಗುಚಿ ಮಲಗಿತ್ತು. ಮುದುಕ ಅಕ್ಷರದ ಪಂಚುಗಳನ್ನು ಒಂದೊಂದಾಗಿ ಆರಿಸಿ, ಅದರ ಅಡಿಬದಿಯಲ್ಲಿ ಆ ಹೆಸರನ್ನು ಸುತ್ತಿಗೆಯಲ್ಲಿ ಹೊಡೆದರು. ಮೆಶಿನ್ ಕಟ್ಟಿದವರ ಹೆಸರು ಹಾಕುವ ಜಾಗವಂತೆ ಅದು. ಮುದುಕನ ಹೆಸರು ಕೆಳಗೆ ಬಂತು.

ಹೊರಗೆ ಬಂದು ಅಲ್ಲಿಂದಲೇ ಮೂಲ್ಕಿಗೆ ಫೋನು ಮಾಡಿದೆ. ಎಲ್ಲ ಕೇಳಿದ ಮೇಲೆ ಅವರ ಮೊದಲ ಪ್ರಶ್ನೆ, "ಪಂಚ್ ಹೊಡೆದದ್ದು ಸ್ಕ್ರೇಪ್ ಮಾಡುವ ಮೊದಲಾ, ಆಮೇಲಾ? ಆಮೇಲೆ ಹೊಡೆದ್ರೆ ಮೇಲ್ಮೈ ಕೆಡ್ತದೆ."

"ಮೊದಲು" ಎಂದೆ. "ಇನ್ನು ಕೆರೀಲಿಕ್ಕೆ ಶುರು ಮಾಡ್ಬೇಕಷ್ಟೆ."

ಆಚೆ ಅವರು ಮೂಗು ಒರೆಸಿಕೊಳ್ಳುವುದು ಕೇಳಿಸಿತು.

"ಹಾಗಾದ್ರೆ ಒಂದು ಹೊಸತು ಆಯ್ತು ಪೊರ್ಬುಗಳೇ" ಎಂದರು.